ಸ್ಯಾಸ್‌ನಲ್ಲಿ 203 ಖಾಲಿ, ಆರ್‌ನಲ್ಲಿ ಸೊನ್ನೆ: ಟೆಕ್ಸ್ಟ್ ಕಾಲಂನ ಖಾಲಿ ಜಾಗ ಎಲ್ಲಿ ಹೋಯ್ತು?

ಹೊಸಸಾಲು · ಸೋಮವಾರ, ಬೆಳಿಗ್ಗೆ 10:12

ಎಲ್ಲರಿಗೂ ನಮಸ್ಕಾರ. ನಾನು ಬೆಂಗಳೂರಿನಲ್ಲಿ ಕ್ಲಿನಿಕಲ್ ಟ್ರಯಲ್ (ಜನರ ಮೇಲೆ ಔಷಧಿ ಪರೀಕ್ಷೆ) ಡೇಟಾ ಮೇಲೆ ಕೆಲಸ ಮಾಡುತ್ತೇನೆ. ಡೇಟಾ ಲೆಕ್ಕಕ್ಕೆ ಬಳಸುವ ಸ್ಯಾಸ್ ಭಾಷೆಯಲ್ಲಿ ಆರು ವರ್ಷ ಕೋಡ್ ಬರೆದಿದ್ದೇನೆ. ಅಂಥದ್ದೇ ಇನ್ನೊಂದು ಭಾಷೆ ಆರ್ ಕಲಿಯೋಕೆ ಶುರು ಮಾಡಿ ಎರಡು ತಿಂಗಳಾಯ್ತು. ನಮ್ಮಲ್ಲಿ ಡಬಲ್ ಪ್ರೋಗ್ರಾಮಿಂಗ್ ಇದೆ. ಒಂದೇ ಟೇಬಲನ್ನು ಇಬ್ಬರು ಒಬ್ಬರದ್ದೊಬ್ಬರು ನೋಡದೆ ಬರೆಯಬೇಕು, ಕೊನೆಗೆ ಎರಡೂ ತಾಳೆಯಾಗಬೇಕು. ಈ ಸಲ ನನ್ನ ಜೊತೆಯವರು ಸ್ಯಾಸ್‌ನಲ್ಲಿ ಬರೆದರು, ನಾನು ಆರ್‌ನಲ್ಲಿ ಬರೆದೆ.

ಡೇಟಾದಲ್ಲಿ 240 ಜನ. ‘ಟ್ರಯಲ್ ಬಿಟ್ಟಿದ್ದಕ್ಕೆ ಕಾರಣ’ ಅಂತ ಒಂದು ಟೆಕ್ಸ್ಟ್ ಕಾಲಂ ಇದೆ. ಪೂರ್ತಿ ಮುಗಿಸಿದವರಿಗೆ ಅಲ್ಲಿ ಏನೂ ಇರಲ್ಲ, ನಡುವೆ ಬಿಟ್ಟವರಿಗೆ ಮಾತ್ರ ಕಾರಣ ಇರುತ್ತದೆ. ಸ್ಯಾಸ್‌ನ ಮಿಸ್ಸಿಂಗ್ ಫಂಕ್ಷನ್ 203 ಖಾಲಿ ಅನ್ನುತ್ತದೆ. ಅಂದರೆ 37 ಜನ ಬಿಟ್ಟಿದ್ದಾರೆ. ಅದೇ ಫೈಲನ್ನು ಹೇವನ್ ಪ್ಯಾಕೇಜ್‌ನಿಂದ (ಸ್ಯಾಸ್ ಫೈಲ್ ಓದೋಕೆ ಆರ್‌ಗೆ ಸೇರಿಸಿಕೊಳ್ಳುವ ಸಾಧನ) ಆರ್‌ಗೆ ತಂದು, ಮಿಸ್ಸಿಂಗ್ ಹುಡುಕುವ ಈಸ್.ಎನ್‌ಎ ಹಾಕಿ ಎಣಿಸಿದರೆ ಸೊನ್ನೆ. ನನ್ನ ಟೇಬಲ್ ಪ್ರಕಾರ 240 ಜನರೂ ಟ್ರಯಲ್ ಬಿಟ್ಟು ಹೋಗಿದ್ದಾರೆ!

ಫೈಲ್ ತೆರೆದು ಕಣ್ಣಾರೆ ನೋಡಿದೆ. ಆ ಸೆಲ್‌ಗಳು ಖಾಲಿಯೇ ಇವೆ. ಎಲ್ಲಿ ತಪ್ಪಿದೆ, ದಯವಿಟ್ಟು ಹೇಳಿ.

ಡೇಟಾಅಕ್ಕ · ಸೋಮವಾರ, ಬೆಳಿಗ್ಗೆ 10:40

ನೀವು ತಪ್ಪು ಮಾಡಿಲ್ಲ. ಎರಡು ಭಾಷೆಗಳೂ ‘ಖಾಲಿ’ ಅನ್ನೋ ಮಾತನ್ನು ಬೇರೆ ಬೇರೆ ಅರ್ಥದಲ್ಲಿ ಹೇಳುತ್ತಿವೆ, ಅಷ್ಟೇ.

ಸ್ಯಾಸ್‌ಗೆ ಟೆಕ್ಸ್ಟ್‌ನಲ್ಲಿ ಒಂದೇ ಒಂದು ಖಾಲಿ ಇರೋದು. ಅದೇ ಬ್ಲ್ಯಾಂಕ್, ಅದೇ ಮಿಸ್ಸಿಂಗ್. ಒಂದು ಸ್ಪೇಸ್ ಇದ್ದರೂ ಹತ್ತು ಸ್ಪೇಸ್ ಇದ್ದರೂ ಅದರ ಕಣ್ಣಿಗೆ ಎಲ್ಲಾ ಒಂದೇ. ಆರ್‌ನಲ್ಲಿ ಹಾಗಲ್ಲ. ಅಲ್ಲಿ ಎನ್‌ಎ ಅಂದರೆ ‘ಇಲ್ಲಿ ಏನೋ ಇರಬೇಕಿತ್ತು, ಅದು ಏನು ಅಂತ ಗೊತ್ತಿಲ್ಲ’. ಎರಡು ಕೋಟ್ ನಡುವೆ ಏನೂ ಇಲ್ಲದಿದ್ದರೆ ಅದು ಗೊತ್ತಿರುವ ಬೆಲೆ (ವ್ಯಾಲ್ಯೂ). ಅಕ್ಷರ ಸೊನ್ನೆ ಇರುವ ಒಂದು ಪದ ಅಂದುಕೊಳ್ಳಿ. ಹೇವನ್ ಸ್ಯಾಸ್ ಫೈಲ್ ಓದುವಾಗ ಬ್ಲ್ಯಾಂಕನ್ನು ಈ ಸೊನ್ನೆ ಅಕ್ಷರದ ಪದವಾಗಿ ತರುತ್ತದೆ, ಎನ್‌ಎ ಆಗಿ ಅಲ್ಲ. ಅದಕ್ಕೇ ಈಸ್.ಎನ್‌ಎಗೆ ಒಂದೂ ಸಿಗಲಿಲ್ಲ.

ನಿಮ್ಮ ಕ್ಷೇತ್ರದಲ್ಲಿ ಇದು ಎಷ್ಟು ಸಾಮಾನ್ಯ ಅಂದರೆ, ಆಡ್ಮಿರಲ್ ಪ್ಯಾಕೇಜ್‌ನಲ್ಲಿ ಇದಕ್ಕೆಂದೇ ‘ಕನ್ವರ್ಟ್ ಬ್ಲ್ಯಾಂಕ್ಸ್ ಟು ಎನ್‌ಎ’ ಅಂತ ಒಂದು ಫಂಕ್ಷನ್ ಇಟ್ಟಿದ್ದಾರೆ. ಡಿಪ್ಲೈರ್ ಪ್ಯಾಕೇಜ್‌ನ ಎನ್‌ಎ_ಇಫ್ ಕೂಡ ಒಂದೊಂದು ಕಾಲಂಗೆ ಅದೇ ಕೆಲಸ ಮಾಡುತ್ತದೆ.

ನಾಲ್ಕು ಬೆಲೆ ಇಟ್ಟುಕೊಂಡು ನೀವೇ ಆಡಿಸಿ ನೋಡಿ: ‘ಮಂಡ್ಯ’, ಸೊನ್ನೆ ಅಕ್ಷರದ ಪದ, ಬರೀ ಒಂದು ಸ್ಪೇಸ್, ಎನ್‌ಎ. ಅಕ್ಷರ ಎಣಿಸುವ ಎನ್‌ಚಾರ್ ಕೊಟ್ಟರೆ 5, 0, 1, ಎನ್‌ಎ ಅಂತ ಬರುತ್ತದೆ. ಮಂಡ್ಯಕ್ಕೆ 5 ಯಾಕೆ ಅಂದರೆ ಮ, ಅನುಸ್ವಾರದ ಸೊನ್ನೆ, ಡ, ಒತ್ತಕ್ಷರ ಮಾಡುವ ವಿರಾಮದ ಗುರುತು (್), ಯ, ಐದನ್ನೂ ಬಿಡಿಬಿಡಿಯಾಗಿ ಎಣಿಸುತ್ತದೆ. ಈಸ್.ಎನ್‌ಎ ಕೊನೆಯದಕ್ಕೆ ಮಾತ್ರ ಹೌದು ಅನ್ನುತ್ತದೆ. ‘ಖಾಲಿ ಪದಕ್ಕೆ ಸಮವೇ?’ ಅಂತ ಕೇಳಿದರೆ ಎರಡನೆಯದಕ್ಕೆ ಹೌದು, ಮೊದಲ ಮತ್ತು ಮೂರನೆಯದಕ್ಕೆ ಇಲ್ಲ, ನಾಲ್ಕನೆಯದಕ್ಕೆ ಹೌದೂ ಅಲ್ಲ ಇಲ್ಲವೂ ಅಲ್ಲ, ಎನ್‌ಎ. ಆ ಕೊನೆಯ ಉತ್ತರವನ್ನು ನೆನಪಿಟ್ಟುಕೊಳ್ಳಿ. ಮುಂದೆ ಕಾಡೋದು ಅದೇ.

ಹೊಸಸಾಲು · ಸೋಮವಾರ, ಮಧ್ಯಾಹ್ನ 12:05

ತುಂಬಾ ಥ್ಯಾಂಕ್ಸ್ ಅಕ್ಕ. ಕನ್ವರ್ಟ್ ಮಾಡಿದ ಕೂಡಲೇ 203 ಬಂತು. ತಾಳೆಯಾಯ್ತು.

ಹೊಸಸಾಲು · ಸೋಮವಾರ, ಮಧ್ಯಾಹ್ನ 3:50

ಮತ್ತೆ ಬಂದೆ. ಒಂದು ಸಮಸ್ಯೆ ಹೋಗಿ ಇನ್ನೊಂದು ಶುರುವಾಗಿದೆ.

ಮುಂದಿನ ಟೇಬಲ್‌ಗೆ ಮರಣ ಹೊಂದಿದವರನ್ನು ಬಿಟ್ಟು ಉಳಿದವರೆಲ್ಲ ಬೇಕು. ಮರಣ ಇಬ್ಬರದ್ದು. ಸ್ಯಾಸ್‌ನಲ್ಲಿ ‘ಕಾರಣ ಮರಣ ಅಲ್ಲದವರು’ ಅಂತ ಕೇಳಿದರೆ 238. ಆರ್‌ನಲ್ಲಿ ಫಿಲ್ಟರ್ ಹಾಕಿ ಅದನ್ನೇ ಕೇಳಿದರೆ 35! ಬೆಳಿಗ್ಗೆ ಕನ್ವರ್ಟ್ ಮಾಡುವ ಮುಂಚೆ ಇದೇ ಸಾಲು 238 ಕೊಡುತ್ತಿತ್ತು.

ಡೇಟಾಅಕ್ಕ · ಸೋಮವಾರ, ಸಂಜೆ 4:15

ಬೆಳಿಗ್ಗೆ ಹೇಳಿದ ಆ ನಾಲ್ಕನೇ ಉತ್ತರ ಇದೇ. ಕಾರಣ ಗೊತ್ತಿಲ್ಲದವರ ಬಗ್ಗೆ ‘ಇವರ ಕಾರಣ ಮರಣ ಅಲ್ಲ ತಾನೇ?’ ಅಂತ ಕೇಳಿದರೆ ಆರ್ ‘ಗೊತ್ತಿಲ್ಲ’ ಅನ್ನುತ್ತದೆ. ಡಿಪ್ಲೈರ್‌ನ ಫಿಲ್ಟರ್ ಸ್ಪಷ್ಟವಾಗಿ ಹೌದು ಅಂದವರನ್ನು ಮಾತ್ರ ಉಳಿಸಿಕೊಳ್ಳುತ್ತದೆ. ಹಾಗಾಗಿ 203 ಜನ ಸದ್ದಿಲ್ಲದೆ ಹೊರಗೆ ಹೋದರು. ಎರರ್ ಇಲ್ಲ, ವಾರ್ನಿಂಗ್ ಇಲ್ಲ. ನನಗೆ ಇದರಲ್ಲಿ ಭಯ ಆಗೋದೇ ಈ ಸದ್ದಿಲ್ಲದ ಹೋಗುವಿಕೆ.

ಚೌಕ ಬ್ರ್ಯಾಕೆಟ್ ಹಾಕಿ ಸಾಲುಗಳನ್ನು ಆರಿಸಿದ್ದರೆ 238 ಸಾಲೇ ಬರುತ್ತಿತ್ತು. ಆದರೆ ಅದರಲ್ಲಿ 203 ಸಾಲುಗಳು ವಯಸ್ಸಿನಿಂದ ಹಿಡಿದು ಐಡಿವರೆಗೆ ಪೂರ್ತಿ ಎನ್‌ಎ ಆಗಿರುತ್ತಿದ್ದವು. ಎಣಿಕೆ ಸರಿ, ಒಳಗಿನ ಡೇಟಾ ಹಾಳು. ಅದು ಇನ್ನೂ ಕೆಟ್ಟದ್ದು.

‘ಎನ್‌ಎ ಆಗಿದ್ದರೆ ಅಥವಾ ಮರಣ ಅಲ್ಲದಿದ್ದರೆ’ ಅಂತ ಎರಡೂ ಬರೆಯಿರಿ. ಇಲ್ಲವಾದರೆ ಶೇಕಡಾ ಗುರುತುಗಳ ನಡುವೆ ಬರೆಯುವ ‘ಇನ್’ ಬಳಸಿ, ಅದರ ಉತ್ತರವನ್ನು ಉಲ್ಟಾ ಮಾಡಿ. ‘ಇನ್’ ಯಾವತ್ತೂ ಎನ್‌ಎ ಕೊಡಲ್ಲ, ಹೌದು ಅಥವಾ ಇಲ್ಲ ಮಾತ್ರ. ನಾನಾಗಿದ್ದರೆ ಮೊದಲನೆಯದನ್ನೇ ಬರೆಯುತ್ತೇನೆ. ನಾಳೆ ಓದುವವರಿಗೆ ‘ಇವರು ಖಾಲಿಯ ಬಗ್ಗೆ ಯೋಚನೆ ಮಾಡಿದ್ದಾರೆ’ ಅಂತ ಕಾಣುತ್ತದೆ.

ಹಳೇಪ್ರೋಗ್ರಾಮರ್ · ಸೋಮವಾರ, ರಾತ್ರಿ 9:30

ಸ್ಯಾಸ್‌ನಲ್ಲಿ ಇಪ್ಪತ್ತು ವರ್ಷ ಕಳೆದವನು ನಾನು. ಅಲ್ಲಿ ಒಂದೇ ಖಾಲಿ ಇದೆ ಅಂತ ನಿಶ್ಚಿಂತೆಯಿಂದ ಇರಬೇಡಿ. ಎಡವಿಸುವ ಜಾಗ ಅಲ್ಲೂ ಇವೆ.

ಒಂದು, ಚುಕ್ಕಿ. ಸಂಖ್ಯೆ ಕಾಲಂನಲ್ಲಿ ಮಿಸ್ಸಿಂಗ್ ಅಂದರೆ ಚುಕ್ಕಿ ಅಂತ ಎಲ್ಲರಿಗೂ ಗೊತ್ತು. ಆ ಕಾಲಂ ಅನ್ನು ಪುಟ್ ಫಂಕ್ಷನ್‌ನಿಂದ ಟೆಕ್ಸ್ಟ್ ಮಾಡಿದರೆ ಆ ಚುಕ್ಕಿ ನಿಜವಾದ ಅಕ್ಷರವಾಗಿ ಬಂದು ಕೂರುತ್ತದೆ. ಆಮೇಲೆ ಮಿಸ್ಸಿಂಗ್ ಅಂತ ಕೇಳಿದರೆ ‘ಇಲ್ಲ, ಇಲ್ಲಿ ಬೆಲೆ ಇದೆ’ ಅನ್ನುತ್ತದೆ. ಒಮ್ಮೆ ನನ್ನ ಒಂದು ಲಿಸ್ಟಿಂಗ್‌ನಲ್ಲಿ ತೂಕದ ಕಾಲಂ ಪೂರ್ತಿ ತುಂಬಿದೆ ಅಂತ ವರದಿ ಹೋಗಿತ್ತು. ತುಂಬಿದ್ದು ಬರೀ ಚುಕ್ಕಿಗಳು. ಟೆಕ್ಸ್ಟ್ ಮಾಡುವ ಮುಂಚೆಯೇ ಮಿಸ್ಸಿಂಗ್ ಪರೀಕ್ಷೆ ಮಾಡಬೇಕು ಅಂತ ಅವತ್ತು ಕಲಿತೆ.

ಎರಡು, ಲೆಂಗ್ತ್. ಬ್ಲ್ಯಾಂಕ್ ಪದಕ್ಕೆ ಲೆಂಗ್ತ್ ಕೇಳಿದರೆ ಸ್ಯಾಸ್ 1 ಅನ್ನುತ್ತದೆ, 0 ಅಲ್ಲ. ಸೊನ್ನೆ ಬೇಕಿದ್ದರೆ ಕೊನೆಗೆ ಎನ್ ಸೇರಿಸಿದ ಲೆಂಗ್ತ್‌ಎನ್ ಬಳಸಬೇಕು. ‘ಉದ್ದ ಸೊನ್ನೆಗಿಂತ ಜಾಸ್ತಿ ಇದ್ದರೆ’ ಅಂತ ಬರೆದ ಷರತ್ತು ಯಾವಾಗಲೂ ನಿಜವಾಗುತ್ತದೆ.

ಮೂರನೆಯದು ಡೇಟಾಬೇಸ್. ಸ್ಯಾಸ್ ಒಳಗೇ ಡೇಟಾಬೇಸ್ ಥರ ಪ್ರಶ್ನೆ ಕೇಳುವ ಪ್ರಾಕ್ ಎಸ್‌ಕ್ಯೂಎಲ್‌ನಲ್ಲಿ ‘ಮರಣ ಅಲ್ಲದವರು’ ಅಂದರೆ ಬ್ಲ್ಯಾಂಕ್ ಇರುವವರೂ ಬರುತ್ತಾರೆ. ಅದೇ ಪ್ರಶ್ನೆಯನ್ನು ಪಾಸ್-ಥ್ರೂ ಮಾಡಿ ನೇರ ಡೇಟಾಬೇಸ್‌ಗೆ ಕಳಿಸಿದರೆ ನಲ್ (ಡೇಟಾಬೇಸ್‌ನ ಮಿಸ್ಸಿಂಗ್) ಇರುವವರು ಬರಲ್ಲ. ಒರಾಕಲ್ ಡೇಟಾಬೇಸ್ ಇನ್ನೊಂದು ಹೆಜ್ಜೆ ಮುಂದೆ. ಅದು ಸೊನ್ನೆ ಅಕ್ಷರದ ಪದವನ್ನೂ ನಲ್ ಅಂತಲೇ ಇಟ್ಟುಕೊಳ್ಳುತ್ತದೆ. ಅಲ್ಲಿಂದ ಬಂದ ಡೇಟಾದಲ್ಲಿ ಎರಡರ ವ್ಯತ್ಯಾಸ ಹುಡುಕಿದರೆ ಸಿಗೋದೇ ಇಲ್ಲ.

ವಿಷಯ ಸಂಖ್ಯೆಯದ್ದಾದರೂ ಇದನ್ನು ಹೇಳಿಬಿಡುತ್ತೇನೆ. ಸ್ಯಾಸ್‌ನಲ್ಲಿ ಮಿಸ್ಸಿಂಗ್ ಎಲ್ಲಾ ಸಂಖ್ಯೆಗಿಂತ ಚಿಕ್ಕದು, ಸ್ಟೇಟಾ ಅನ್ನೋ ಇನ್ನೊಂದು ಅಂಕಿಅಂಶ ಸಾಫ್ಟ್‌ವೇರ್‌ನಲ್ಲಿ ಎಲ್ಲಾ ಸಂಖ್ಯೆಗಿಂತ ದೊಡ್ಡದು. ‘ವಯಸ್ಸು 18ಕ್ಕಿಂತ ಕಮ್ಮಿ’ ಅಂದರೆ ಸ್ಯಾಸ್ ವಯಸ್ಸು ಗೊತ್ತಿಲ್ಲದವರನ್ನು ಮಕ್ಕಳ ಜೊತೆ ಸೇರಿಸುತ್ತದೆ. ‘60ಕ್ಕಿಂತ ಜಾಸ್ತಿ’ ಅಂದರೆ ಸ್ಟೇಟಾ ಅವರನ್ನೇ ಹಿರಿಯರ ಜೊತೆ ಸೇರಿಸುತ್ತದೆ.

ತುಂಗಾತೀರ · ಮಂಗಳವಾರ, ಬೆಳಿಗ್ಗೆ 7:45

ನಾನು ಶಿವಮೊಗ್ಗ ಕಡೆ ಮನೆಮನೆ ಸಮೀಕ್ಷೆಗಳ ಡೇಟಾ ನೋಡಿಕೊಳ್ಳುತ್ತೇನೆ. ನಮಗೆ ಬರೋದು ಎಕ್ಸೆಲ್ ಹಾಳೆಗಳು, ಅದೂ ಕನ್ನಡದಲ್ಲಿ. ಟ್ರಯಲ್ ಡೇಟಾದಷ್ಟು ಶಿಸ್ತು ಇಲ್ಲಿ ಇಲ್ಲ. ಖಾಲಿ ಅಂತ ಬರೆಯೋಕೆ ಜನರಿಗೆ ಎಷ್ಟು ದಾರಿ ಗೊತ್ತಾ? ಒಂದೇ ಕಾಲಂನಲ್ಲಿ ನಾನು ಕಂಡಿದ್ದು: ‘ಇಲ್ಲ’, ‘ಗೊತ್ತಿಲ್ಲ’, ಒಂದು ಅಡ್ಡಗೆರೆ, ಎರಡು ಅಡ್ಡಗೆರೆ, ಮೂರು ಚುಕ್ಕಿ, ‘0’, ‘ಅನ್ವಯಿಸುವುದಿಲ್ಲ’, ಮತ್ತೆ ಸುಮ್ನೆ ಬಿಟ್ಟ ಸೆಲ್.

ಶುರುವಿನಲ್ಲಿ ಇವೆಲ್ಲವನ್ನೂ ಒಂದೇ ಸಾಲಿನಲ್ಲಿ ಎನ್‌ಎ ಮಾಡಿಬಿಡುತ್ತಿದ್ದೆ. ಕೆಲಸ ಬೇಗ ಮುಗಿಯುತ್ತಿತ್ತು. ಆಮೇಲೆ ‘ಮನೆಯಲ್ಲಿ ಯಾರಿಗಾದರೂ ದೀರ್ಘಕಾಲದ ಕಾಯಿಲೆ ಇದೆಯೇ’ ಅನ್ನೋ ಕಾಲಂ ಬಂದಾಗ ಗೊತ್ತಾಯ್ತು. ಅಲ್ಲಿ ‘ಇಲ್ಲ’ ಅಂದರೆ ಗಟ್ಟಿ ಉತ್ತರ. ಆ ಮನೆಯವರು ಬಾಗಿಲಲ್ಲಿ ನಿಂತು, ಯೋಚಿಸಿ, ಇಲ್ಲ ಅಂದಿದ್ದಾರೆ. ನಾನು ಅದನ್ನು ‘ಕೇಳಲೇ ಇಲ್ಲ’ ಅಂತ ಮಾಡಿಬಿಟ್ಟಿದ್ದೆ. ಈಗ ಪ್ರತಿ ಕಾಲಂಗೂ ಬೇರೆ ಪಟ್ಟಿ ಇಟ್ಟುಕೊಂಡಿದ್ದೇನೆ. ಯಾವ ಗುರುತು ಇಲ್ಲಿ ಉತ್ತರ, ಯಾವುದು ಖಾಲಿ ಅಂತ ಸಮೀಕ್ಷೆಗೆ ಹೋದವರನ್ನೇ ಕೇಳಿ ಬರೆಯುತ್ತೇನೆ.

ಇನ್ನೊಂದು ಖಾಲಿ ಇದೆ, ಅದು ‘ಮೇಲಿನಂತೆಯೇ’ ಅನ್ನೋ ಖಾಲಿ. ಊರಿನ ಹೆಸರನ್ನು ಮೊದಲ ಸಾಲಿನಲ್ಲಿ ಮಾತ್ರ ಬರೆದು, ಕೆಳಗಿನ ಮೂವತ್ತು ಸಾಲು ಹಾಗೇ ಬಿಟ್ಟಿರುತ್ತಾರೆ. ಅಲ್ಲಿ ಏನೂ ಕಳೆದಿಲ್ಲ, ಆರ್‌ನ ಟೈಡೈರ್ ಪ್ಯಾಕೇಜ್‌ನ ಫಿಲ್ ಹಾಕಿದರೆ ಮೇಲಿನ ಹೆಸರೇ ಕೆಳಗೂ ತುಂಬುತ್ತದೆ. ಆದರೆ ಆ ಫಿಲ್‌ಗೆ ಎನ್‌ಎ ಮಾತ್ರ ಕಾಣೋದು, ಸೊನ್ನೆ ಅಕ್ಷರದ ಪದ ಕಾಣಲ್ಲ. ಮತ್ತೆ ತುಂಬುವ ಮುಂಚೆ ದಯವಿಟ್ಟು ಸಾರ್ಟ್ ಮಾಡಬೇಡಿ. ನಮ್ಮ ತಂಡದಲ್ಲಿ ಒಬ್ಬರು ಮನೆಯ ಯಜಮಾನರ ಹೆಸರಿನ ಪ್ರಕಾರ ಸಾರ್ಟ್ ಮಾಡಿ, ಸೇವ್ ಮಾಡಿ, ಆಮೇಲೆ ತುಂಬಿದರು. ತೀರ್ಥಹಳ್ಳಿಯ ಮನೆಗಳು ಸಾಗರಕ್ಕೆ ಹೋದವು. ಕಾಗದದ ಫಾರಂ ಇತ್ತು, ಹಾಗಾಗಿ ಸರಿ ಮಾಡಿದೆವು. ಎರಡು ವಾರ ಹಿಡಿಯಿತು.

ಸಂಪಿಗೆಮರ · ಮಂಗಳವಾರ, ಬೆಳಿಗ್ಗೆ 9:10

ತುಂಗಾತೀರ ಅವರೇ, ಎಕ್ಸೆಲ್‌ನಲ್ಲಿ ಫಾರ್ಮುಲಾದಿಂದ ಬಂದ ಖಾಲಿಯನ್ನೂ ನೋಡಿಕೊಳ್ಳಿ. ‘ಇಫ್’ ಹಾಕಿ ಎರಡು ಕೋಟ್ ವಾಪಸ್ ಕೊಟ್ಟ ಸೆಲ್ ಕಣ್ಣಿಗೆ ಖಾಲಿ. ಈಸ್‌ಬ್ಲ್ಯಾಂಕ್ ಅದನ್ನು ಖಾಲಿ ಅಲ್ಲ ಅನ್ನುತ್ತದೆ. ಕೌಂಟ್‌ಬ್ಲ್ಯಾಂಕ್ ಖಾಲಿ ಅಂತ ಎಣಿಸುತ್ತದೆ. ಕೌಂಟ್‌ಎ ತುಂಬಿದೆ ಅಂತ ಎಣಿಸುತ್ತದೆ. ಈ ಎರಡು ಕೌಂಟ್‌ಗಳನ್ನೂ ಕೂಡಿಸಿದರೆ ಒಟ್ಟು ಸಾಲಿಗಿಂತ ಜಾಸ್ತಿ ಬರುತ್ತದೆ. ಹಾಗೆ ಬಂದರೆ ಇಂಥ ಸೆಲ್ ಇದೆ ಅಂತ ಗೊತ್ತಾಗುತ್ತದೆ. ನಾನು ಇದನ್ನೇ ಪರೀಕ್ಷೆಯಾಗಿ ಬಳಸುತ್ತೇನೆ.

ತುಂಗಾತೀರ · ಮಂಗಳವಾರ, ಬೆಳಿಗ್ಗೆ 9:32

ಒಳ್ಳೇ ಉಪಾಯ, ಇವತ್ತೇ ನೋಡುತ್ತೇನೆ. ಜೊತೆಗೆ ನನ್ನದೊಂದು ಪ್ರಶ್ನೆ ಇದೆ. ಆಚೀಚೆಯ ಸ್ಪೇಸ್ ತೆಗೆಯೋಕೆ ಟ್ರಿಮ್ ಮಾಡಿದ ಮೇಲೂ ಕೆಲವು ಸೆಲ್‌ಗಳು ಖಾಲಿ ಅಂತ ಸಿಗುತ್ತಿಲ್ಲ. ಎನ್‌ಚಾರ್ 1 ತೋರಿಸುತ್ತದೆ. ಸ್ಪೇಸ್ ಅಂತೂ ಅಲ್ಲ. ಯಾರಿಗಾದರೂ ಗೊತ್ತಾ?

ಲಿಪಿಕಾರ · ಮಂಗಳವಾರ, ಬೆಳಿಗ್ಗೆ 11:20

ಕನ್ನಡ ಡೇಟಾ ಅಂದಿರಲ್ಲ, ಎರಡು ಅನುಮಾನ ಇದೆ.

ಮೊದಲನೆಯದು ವೆಬ್‌ಪೇಜ್ ಅಥವಾ ವರ್ಡ್‌ನಿಂದ ಪೇಸ್ಟ್ ಮಾಡಿದಾಗ ಬರುವ ನಾನ್-ಬ್ರೇಕಿಂಗ್ ಸ್ಪೇಸ್. ಆರ್‌ನ ಟ್ರಿಮ್‌ಡಬ್ಲ್ಯೂಎಸ್ ತಾನಾಗಿ ಸ್ಪೇಸ್, ಟ್ಯಾಬ್ ಮತ್ತು ಸಾಲು ಮುರಿಯುವ ಎರಡು ಅಕ್ಷರ ಇಷ್ಟನ್ನೇ ತೆಗೆಯುತ್ತದೆ, ಇದನ್ನು ಮುಟ್ಟಲ್ಲ. ಸ್ಟ್ರಿಂಗರ್ ಪ್ಯಾಕೇಜ್‌ನ ಸ್ಟ್ರ್_ಟ್ರಿಮ್ ತೆಗೆಯುತ್ತದೆ. ಪೈಥಾನ್‌ನ ಸ್ಟ್ರಿಪ್ ಕೂಡ ತೆಗೆಯುತ್ತದೆ.

ಎರಡನೆಯದು ನಮ್ಮ ಕೀಬೋರ್ಡ್‌ಗಳಿಂದ ಬರುವ ಅಗಲವಿಲ್ಲದ ಅಕ್ಷರ, ಜೀರೋ ವಿಡ್ತ್ ನಾನ್ ಜಾಯ್ನರ್. ಯೂನಿಕೋಡ್‌ನಲ್ಲಿ ಅದರ ನಂಬರ್ 200ಸಿ. ‘ರಾಜ್‌ಕುಮಾರ್’ ಅಂತ ಬರೆಯುವಾಗ ಜ್ ಬಿಡಿಯಾಗಿ ನಿಂತು ಪಕ್ಕದಲ್ಲಿ ಕು ಬರೋದು ಅದರಿಂದ. ತೆಗೆದರೆ ‘ರಾಜ್ಕುಮಾರ್’ ಆಗಿ ಒತ್ತಕ್ಷರ ಬೀಳುತ್ತದೆ. ಹೆಸರು ಟೈಪ್ ಮಾಡಿ ಅಳಿಸುವಾಗ ಈ ಕಾಣದ ಅಕ್ಷರವೊಂದು ಸೆಲ್‌ನಲ್ಲಿ ಉಳಿದುಹೋಗಿರಬಹುದು. ಅದನ್ನು ಯಾವ ಟ್ರಿಮ್ ಕೂಡ ಸ್ಪೇಸ್ ಅಂತ ಲೆಕ್ಕಕ್ಕೆ ತಗೊಳ್ಳಲ್ಲ.

ಹಾಗಂತ ಇಡೀ ಫೈಲ್‌ನಿಂದ ಅದನ್ನು ಕಿತ್ತು ಹಾಕಬೇಡಿ. ಜನರ ಹೆಸರಿನ ರೂಪವೇ ಕೆಡುತ್ತದೆ. ನಾನು ಮಾಡೋದು ಇಷ್ಟು. ಪರೀಕ್ಷೆಗೆ ಅಂತ ಒಂದು ನಕಲು ಕಾಲಂ ಮಾಡುತ್ತೇನೆ. ನಕಲಿನಿಂದ ಮಾತ್ರ 200ಸಿ, ಅದರ ಜೋಡಿ 200ಡಿ (ಜೀರೋ ವಿಡ್ತ್ ಜಾಯ್ನರ್) ಮತ್ತು ಎಲ್ಲಾ ಬಗೆಯ ಸ್ಪೇಸ್ ತೆಗೆಯುತ್ತೇನೆ. ನಕಲು ಸೊನ್ನೆ ಅಕ್ಷರಕ್ಕೆ ಇಳಿದರೆ ಮೂಲ ಸೆಲ್ಲನ್ನು ಖಾಲಿ ಅಂತ ಗುರುತು ಮಾಡುತ್ತೇನೆ. ಉಳಿದ ಹೆಸರುಗಳನ್ನು ಮುಟ್ಟಲ್ಲ.

ಸ್ಯಾಸ್ ಬಳಸುವವರಿಗೆ ಒಂದು ಮಾತು. ಅಕ್ಷರಗಳನ್ನು ಉಳಿಸಿಡುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಒಂದೊಂದು ಗುರುತಿಗೆ 3 ಬೈಟ್ ಬೇಕು. ಸ್ಯಾಸ್‌ನಲ್ಲಿ ಕಾಲಂ ಅಗಲ ಬೈಟ್ ಲೆಕ್ಕದಲ್ಲಿ. 20 ಅಂತ ಇಟ್ಟರೆ ಆರು ಗುರುತು ಮಾತ್ರ ಹಿಡಿಸುತ್ತದೆ, ಉಳಿದದ್ದು ಕತ್ತರಿಸಿ ಹೋಗುತ್ತದೆ.

ತುಂಗಾತೀರ · ಮಂಗಳವಾರ, ಮಧ್ಯಾಹ್ನ 1:15

200ಸಿಯೇ! ನಕಲು ಕಾಲಂ ಮಾಡಿ ನೋಡಿದೆ, ಹನ್ನೊಂದು ಸೆಲ್ ಸಿಕ್ಕವು. ತುಂಬಾ ಉಪಕಾರವಾಯ್ತು ಸರ್.

ಪೈಥಾನ್‌ಪಯಣ · ಮಂಗಳವಾರ, ಸಂಜೆ 6:00

ಪೈಥಾನ್‌ನ ಡೇಟಾ ಪ್ಯಾಕೇಜ್ ಪಾಂಡಾಸ್ ಬಳಸುವವರೂ ಇಲ್ಲಿ ಇದ್ದಾರೆ ಅಂದುಕೊಂಡು ಬರೆಯುತ್ತಿದ್ದೇನೆ. ನಮ್ಮಲ್ಲಿ ತೊಂದರೆ ಉಲ್ಟಾ. ಫೈಲ್ ಓದುವ ರೀಡ್_ಸಿಎಸ್‌ವಿ ಕೇಳದೆಯೇ ಬಹಳ ಪದಗಳನ್ನು ಖಾಲಿ ಅಂತ ಮಾಡಿಬಿಡುತ್ತದೆ. ಇಂಗ್ಲಿಷ್‌ನಲ್ಲಿ ‘ಎನ್‌ಎ’, ‘ನಲ್’, ‘ನ್ಯಾನ್’ ಅಂತ ಬರೆದ ಸೆಲ್‌ಗಳೆಲ್ಲ ಮಿಸ್ಸಿಂಗ್. ನಮೀಬಿಯಾದ ಎರಡಕ್ಷರದ ದೇಶದ ಕೋಡ್ ಕೂಡ ‘ಎನ್‌ಎ’ಯೇ. ದೇಶಗಳ ಪಟ್ಟಿ ಓದಿದರೆ ಆ ದೇಶದ ಕೋಡ್ ಮಾಯ. ಆರ್‌ನಲ್ಲೂ ಇದೇ ಆಗುತ್ತದೆ.

2.0 ಆವೃತ್ತಿಯಿಂದ ‘ನನ್’ ಅನ್ನೋ ಪದ, ಅಂದರೆ ಯಾವುದೂ ಇಲ್ಲ ಅನ್ನೋ ಇಂಗ್ಲಿಷ್ ಉತ್ತರವೂ ಆ ಪಟ್ಟಿಗೆ ಸೇರಿದೆ. ನನ್ನ ಡೇಟಾದಲ್ಲಿ ‘ಯಾವ ಔಷಧಿಗೆ ಅಲರ್ಜಿ?’ ಅಂತ ಕಾಲಂ ಇತ್ತು. ಅಲರ್ಜಿ ಇಲ್ಲದವರು ‘ನನ್’ ಅಂತ ಬರೆದಿದ್ದರು. ಪಾಂಡಾಸ್ ಅಪ್‌ಡೇಟ್ ಮಾಡಿದ ಮರುದಿನ ಅವರೆಲ್ಲ ‘ಉತ್ತರ ಕೊಡದವರು’ ಆದರು. ಕೋಡ್‌ನಲ್ಲಿ ಒಂದಕ್ಷರವೂ ಬದಲಾಗಿರಲಿಲ್ಲ. ತುಂಗಾತೀರ ಅವರ ‘ಇಲ್ಲ’ದ ಕಥೆ ಓದಿದಾಗ ಇದೇ ನೆನಪಾಯ್ತು.

ಈಗ ನಾನು ಯಾವಾಗಲೂ ಕೀಪ್_ಡೀಫಾಲ್ಟ್_ಎನ್‌ಎ ಅನ್ನು ಫಾಲ್ಸ್ ಮಾಡಿ, ಯಾವುದನ್ನು ಖಾಲಿ ಅನ್ನಬೇಕು ಅಂತ ನಾನೇ ಪಟ್ಟಿ ಕೊಡುತ್ತೇನೆ. ಇನ್ನೊಂದು ಅಭ್ಯಾಸ, ಗುಂಪು ಮಾಡುವ ಗ್ರೂಪ್‌ಬೈ ಮತ್ತು ಎಣಿಸುವ ವ್ಯಾಲ್ಯೂ_ಕೌಂಟ್ಸ್ ಎರಡಕ್ಕೂ ಡ್ರಾಪ್‌ಎನ್‌ಎ ಫಾಲ್ಸ್ ಅಂತ ಹೇಳೋದು. ಹೇಳದಿದ್ದರೆ ಖಾಲಿ ಇರುವ ಗುಂಪು ಟೇಬಲ್‌ನಲ್ಲೇ ಬರಲ್ಲ. ಒಟ್ಟು ಮೊತ್ತ ತಾಳೆಯಾಗದೆ ಒದ್ದಾಡಬೇಕಾಗುತ್ತದೆ.

ದೂರದೂರು · ಮಂಗಳವಾರ, ರಾತ್ರಿ 11:40

ಅಮೆರಿಕದಿಂದ ಬರೆಯುತ್ತಿದ್ದೇನೆ. ನೀವೆಲ್ಲ ಹೇಳುತ್ತಿರುವ ಖಾಲಿ ಸೆಲ್ ಒಳಗೇ ನಾನು ಹತ್ತು ವರ್ಷದಿಂದ ಇದ್ದೇನೆ.

ನಮ್ಮ ಮನೆಯಲ್ಲಿ ಸರ್‌ನೇಮ್ ಇಲ್ಲ. ಊರಿನದೊಂದು, ಅಪ್ಪನದೊಂದು ಇನಿಷಿಯಲ್, ಆಮೇಲೆ ನನ್ನ ಹೆಸರು. ಪಾಸ್‌ಪೋರ್ಟ್‌ನಲ್ಲಿ ಇನಿಷಿಯಲ್ ಕೂಡ ಬರಲಿಲ್ಲ, ಒಂದೇ ಹೆಸರು. ಅಮೆರಿಕದ ವೀಸಾದಲ್ಲಿ ಆ ಒಂದು ಹೆಸರು ಸರ್‌ನೇಮ್ ಜಾಗಕ್ಕೆ ಹೋಗುತ್ತದೆ. ಮೊದಲ ಹೆಸರಿನ ಜಾಗದಲ್ಲಿ ‘ಎಫ್‌ಎನ್‌ಯು’ ಅಂತ ಹಾಕುತ್ತಾರೆ, ಮೊದಲ ಹೆಸರು ಗೊತ್ತಿಲ್ಲ ಅನ್ನೋದರ ಗುರುತು ಅದು. ಮಿಸ್ಸಿಂಗ್ ಕೋಡ್ ಒಂದು ಹೆಸರಾಗಿ ಬದಲಾಯಿತು. ಬ್ಯಾಂಕ್‌ನವರು ನನ್ನನ್ನು ಅದೇ ಹೆಸರಿಂದ ಕೂಗಿದ್ದಾರೆ.

ಇಲ್ಲಿ ನನ್ನದು ‘ಗೊತ್ತಿಲ್ಲ’ ಅಲ್ಲ. ನನಗೆ ಸರ್‌ನೇಮ್ ಇಲ್ಲ, ಅದು ಪೂರ್ತಿ ಗೊತ್ತಿರುವ ವಿಷಯ. ಡೇಟಾಅಕ್ಕ ಹೇಳಿದ ಸೊನ್ನೆ ಅಕ್ಷರದ ಪದ ಸರಿಯಾಗಿ ಹೊಂದುವ ಜಾಗ ಅಂದರೆ ಇದು. ಎನ್‌ಎ ಅಂತ ಹಾಕಿ, ಆಮೇಲೆ ಯಾರೋ ಪೇಸ್ಟ್ ಫಂಕ್ಷನ್‌ನಿಂದ ಮೊದಲ ಹೆಸರು, ಕೊನೆಯ ಹೆಸರು ಸೇರಿಸಿದರೆ ಆರ್ ‘ಎನ್‌ಎ’ ಅನ್ನೋ ಎರಡಕ್ಷರವನ್ನು ಹೆಸರಿನ ಪಕ್ಕ ಅಂಟಿಸಿ ಕೊಡುತ್ತದೆ. ನನಗೆ ಬಂದ ಒಂದು ಸರ್ಟಿಫಿಕೇಟ್‌ನಲ್ಲಿ ಹಾಗೇ ಅಚ್ಚಾಗಿತ್ತು. ಸ್ಟ್ರಿಂಗರ್‌ನ ಸ್ಟ್ರ್_ಸಿ ಆದರೆ ಇಡೀ ಹೆಸರನ್ನೇ ಎನ್‌ಎ ಮಾಡುತ್ತದೆ. ಕನಿಷ್ಠ ಅದು ಕಣ್ಣಿಗೆ ಬೀಳುತ್ತದೆ, ಅಚ್ಚಾಗುವ ಮುಂಚೆ ಯಾರಾದರೂ ಸರಿ ಮಾಡುತ್ತಾರೆ.

ಡೇಟಾಅಕ್ಕ · ಬುಧವಾರ, ಬೆಳಿಗ್ಗೆ 8:20

ದೂರದೂರು ಅವರೇ, ಇದನ್ನು ಬರೆದಿದ್ದಕ್ಕೆ ತುಂಬಾ ಥ್ಯಾಂಕ್ಸ್. ನಾನೂ ಪೇಸ್ಟ್ ಬಳಸಿ ಲೇಬಲ್ ಮಾಡಿದ್ದೇನೆ. ಇವತ್ತು ಹೋಗಿ ಹಳೇ ಕೋಡ್ ತೆಗೆದು ನೋಡುತ್ತೇನೆ.

ಹೊಸಸಾಲು, ನಿಮಗೆ ಒಂದು ಪ್ರಶ್ನೆ. ಇಷ್ಟು ಹೊತ್ತು ನಾವು 203ರಿಂದ 203ಕ್ಕೆ ತಾಳೆ ಮಾಡಿದೆವು. ಆ 203 ಜನರೂ ಟ್ರಯಲ್ ಮುಗಿಸಿದವರೇ ಅಂತ ಯಾರು ಹೇಳಿದರು? ಬಿಟ್ಟು ಹೋಗಿ, ಕಾರಣ ಬರೆಯದೆ ಉಳಿದವರೂ ಅದೇ ಖಾಲಿಯಲ್ಲಿ ಇರಬಹುದಲ್ವಾ? ಮುಗಿಸಿದ್ದಾರೋ ಬಿಟ್ಟಿದ್ದಾರೋ ಅಂತ ಹೇಳುವ ಬೇರೆ ಕಾಲಂ ನಿಮ್ಮಲ್ಲಿ ಇರಲೇಬೇಕು. ಎರಡನ್ನೂ ಅಡ್ಡ-ಉದ್ದ ಇಟ್ಟು ನೋಡಿ.

ಹೊಸಸಾಲು · ಬುಧವಾರ, ಮಧ್ಯಾಹ್ನ 12:30

ನೋಡಿದೆ. 198 ಜನ ಮುಗಿಸಿದವರು. ಉಳಿದ 5 ಜನರ ಸ್ಥಿತಿ ‘ಬಿಟ್ಟಿದ್ದಾರೆ’ ಅಂತ ಇದೆ, ಕಾರಣ ಖಾಲಿ.

ಅಂದರೆ ಬಿಟ್ಟವರು 37 ಅಲ್ಲ, 42. ಸ್ಯಾಸ್ ಟೇಬಲ್‌ನಲ್ಲೂ ತಪ್ಪಿತ್ತು, ನನ್ನದರಲ್ಲೂ ತಪ್ಪಿತ್ತು. ಎರಡೂ ತಾಳೆಯಾಗಿ ಒಟ್ಟಿಗೆ ತಪ್ಪಾಗಿದ್ದವು. ಬಿಟ್ಟವರನ್ನು ಕಾರಣದ ಕಾಲಂನಿಂದ ಎಣಿಸಬಾರದು, ಸ್ಥಿತಿಯ ಕಾಲಂನಿಂದಲೇ ಎಣಿಸಬೇಕು ಅಂತ ನನ್ನ ಜೊತೆಯವರಿಗೂ ತೋರಿಸಿದೆ. ಇಬ್ಬರೂ ಕೋಡ್ ಬದಲಾಯಿಸಿದೆವು. ಕಾರಣದ ಟೇಬಲ್‌ನಲ್ಲಿ ‘ಕಾರಣ ದಾಖಲಾಗಿಲ್ಲ’ ಅಂತ ಒಂದು ಸಾಲು ಹೊಸದಾಗಿ ಬಂದಿದೆ.

ಆ ಐದು ಜನರ ಬಗ್ಗೆ ಆಸ್ಪತ್ರೆಗಳಿಗೆ ಕ್ವೆರಿ (ವಿವರ ಕೇಳುವ ಪ್ರಶ್ನೆ) ಕಳಿಸೋಕೆ ಡೇಟಾ ಮ್ಯಾನೇಜ್‌ಮೆಂಟ್‌ನವರಿಗೆ ಹೇಳಿದ್ದೇನೆ.

ಹೊಸಸಾಲು · ಮುಂದಿನ ವಾರ, ಗುರುವಾರ

ಕೇಳಿದವರಿಗಾಗಿ: ಮೂರು ಕ್ವೆರಿಗೆ ಉತ್ತರ ಬಂತು. ಇಬ್ಬರು ಊರು ಬಿಟ್ಟು ಹೋಗಿದ್ದರಂತೆ, ಫೋನ್‌ಗೆ ಸಿಕ್ಕಿಲ್ಲ. ಒಬ್ಬರು ಮಾತ್ರೆ ತಗೊಂಡರೆ ವಾಂತಿ ಬರುತ್ತೆ ಅಂತ ನಿಲ್ಲಿಸಿದ್ದಾರೆ. ಅವರ ಹೆಸರು ಈಗ ಅಡ್ಡಪರಿಣಾಮದಿಂದ ಬಿಟ್ಟವರ ಸಾಲಿಗೆ ಹೋಗಿದೆ. ಇನ್ನೆರಡು ಬಾಕಿ ಇವೆ.